ಗಂತಿಯ ರಕ್ತನಾಳಗಳು ಮತ್ತು ಅಂಗಾಂಶ ಸೂಚಕಗಳು: ತೊಡಕುಗೊಂಡ ದೊಡ್ಡಕರುಳಿನ ಕ್ಯಾನ್ಸರ್ ಕುರಿತ ಸಂಶೋಧನೆಯ ವಿಮರ್ಶೆ

ಕ್ಯಾನ್ಸರಿಗೆ ಕನ್ನಡದಲ್ಲಿ ಏಡಿಗಂತಿ ಎಂಬ ಹೆಸರುಂಟು. ಸಂಸ್ಕೃತದಿಂದ ಬಂದ ‘ಅರ್ಬುದ’ ಎಂಬ ಪದ ಊತವನ್ನಷ್ಟೇ ಸೂಚಿಸುತ್ತದೆ. ಏಡಿಗಂತಿಯಾದರೋ ಗ್ರೀಕ್ ವೈದ್ಯರ ‘ಕಾರ್ಕಿನೋಸ್’ ಎಂಬ ಪದದ ಜಾಡು ಹಿಡಿದು ಬಂದದ್ದು. ಗಂತಿಯ ಸುತ್ತ ಉಬ್ಬಿ ಹರಡಿದ ಸಿರೆಗಳು ಏಡಿಯ ಕಾಲುಗಳಂತೆ ಕಾಣುತ್ತವೆ ಎಂಬುದು ಕ್ರಿ.ಶ. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ಆ ಹೆಸರಿಗೆ ನೀಡಿದ ವಿವರಣೆ. ಜೀವಕೋಶದ ಕಲ್ಪನೆಯೇ ಇಲ್ಲದಿದ್ದ ಕಾಲದಲ್ಲಿ ಈ ರೋಗಕ್ಕೆ ಹೆಸರು ಬಂದದ್ದು ಅದರ ರಕ್ತನಾಳಗಳಿಂದ ಎಂಬುದು ಗಮನಾರ್ಹ. ಆದರೆ ಆ ನಾಳಗಳನ್ನು ರೋಗದ ಹೊರಲಕ್ಷಣವೆಂದಲ್ಲದೆ ರೋಗದ ಆಧಾರವೆಂದು ಕಾಣುವ ದೃಷ್ಟಿ ಮೂಡಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

1971ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜುಡಾ ಫೋಕ್‌ಮನ್ ಅವರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ದೃಷ್ಟಿ ಸಿದ್ಧಾಂತದ ರೂಪ ಪಡೆಯಿತು. ಹೊಸ ರಕ್ತನಾಳಗಳ ಪೂರೈಕೆ ಇಲ್ಲದೆ ಗಂತಿಯು ಕೆಲವೇ ಮಿಲಿಮೀಟರ್ ಗಾತ್ರವನ್ನು ಮೀರಿ ಬೆಳೆಯಲಾರದು. ತನಗೆ ಬೇಕಾದ ನಾಳಗಳನ್ನು ಬೆಳೆಸುವಂತೆ ಅದು ಸುತ್ತಲಿನ ಅಂಗಾಂಶಕ್ಕೆ ರಾಸಾಯನಿಕ ಸಂದೇಶ ಕಳುಹಿಸುತ್ತದೆ. ಆ ಸಂದೇಶವನ್ನು ತಡೆದರೆ ಗಂತಿಯ ಬೆಳವಣಿಗೆಯನ್ನೂ ತಡೆಯಬಹುದು ಎಂಬುದು ಅವರ ವಾದ. ಬಹುಕಾಲ ಈ ವಾದವನ್ನು ಶಂಕೆಯಿಂದಲೇ ನೋಡಲಾಯಿತು. 1983ರಲ್ಲಿ ಹೆರಾಲ್ಡ್ ಡ್ವೊರಾಕ್ ಅವರ ತಂಡವು ನಾಳಗಳಿಂದ ದ್ರವ ಒಸರುವಂತೆ ಮಾಡುವ ಪ್ರೋಟೀನೊಂದನ್ನು ಗುರುತಿಸಿತು. 1989ರಲ್ಲಿ ನೆಪೋಲಿಯೋನೆ ಫೆರಾರಾ ಮತ್ತು ಸಂಗಡಿಗರು ನಾಳದ ಒಳಪದರದ ಕೋಶಗಳನ್ನು ಬೆಳೆಸುವ ಪ್ರೋಟೀನೊಂದನ್ನು ಬೇರ್ಪಡಿಸಿದರು. ಎರಡೂ ಒಂದೇ ಎಂಬುದು ಬಳಿಕ ಸ್ಪಷ್ಟವಾಯಿತು. ಇಂದು ವಿ.ಇ.ಜಿ.ಎಫ್. ಎಂದು ಕರೆಯಲಾಗುವ ಅಣು ಇದೇ. ಫೋಕ್‌ಮನ್‌ರ ಊಹೆಗೆ ಇದರಿಂದ ರಾಸಾಯನಿಕ ಆಧಾರ ದೊರೆಯಿತು.

ರೋಗಶಾಸ್ತ್ರಜ್ಞರ ಮೇಜಿಗೆ ಈ ವಿಚಾರ ಬಂದದ್ದು 1991ರಲ್ಲಿ. ನೋಯೆಲ್ ವೈಡ್ನರ್ ಮತ್ತು ಫೋಕ್‌ಮನ್ ಅವರನ್ನೊಳಗೊಂಡ ತಂಡವು ಸ್ತನ ಕ್ಯಾನ್ಸರಿನ ಅಂಗಾಂಶದಲ್ಲಿ ಸೂಕ್ಷ್ಮನಾಳಗಳನ್ನು ಎಣಿಸುವ ವಿಧಾನವೊಂದನ್ನು ಮಂಡಿಸಿತು. ನಾಳದ ಒಳಪದರಕ್ಕೆ ಅಂಟುವ ಪ್ರತಿಕಾಯವೊಂದರಿಂದ ಸ್ಲೈಡಿಗೆ ಬಣ್ಣ ಕಟ್ಟುವುದು, ಕಡಿಮೆ ವರ್ಧನೆಯಲ್ಲಿ ನಾಳಗಳು ಅತ್ಯಂತ ಒತ್ತಾಗಿರುವ ಜಾಗವನ್ನು ಹುಡುಕುವುದು, ಅಲ್ಲಿ 200 ಪಟ್ಟು ವರ್ಧನೆಯಲ್ಲಿ ಎಣಿಸುವುದು: ವಿಧಾನ ಇಷ್ಟೇ. ಎಣಿಕೆ ಹೆಚ್ಚಿದ್ದ ರೋಗಿಗಳಲ್ಲಿ ಗಂತಿ ಬೇರೆಡೆಗೆ ಹರಡಿದ ಪ್ರಮಾಣವೂ ಹೆಚ್ಚಿತ್ತು. ಸರಳವೂ ಅಗ್ಗವೂ ಆದ ಈ ವಿಧಾನ ಶೀಘ್ರದಲ್ಲೇ ಬಹುತೇಕ ಎಲ್ಲ ಅವಯವಗಳ ಕ್ಯಾನ್ಸರಿಗೂ ವ್ಯಾಪಿಸಿತು. ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿನ ಬಗೆಗೂ ಇಂಥ ಅಧ್ಯಯನಗಳ ರಾಶಿಯೇ ಬಂದಿತು. ಪ್ರಕಟಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್’ನಲ್ಲಿ ಬಂದ ವಿಶ್ಲೇಷಣೆಯು ನಾಳದಟ್ಟಣೆ ಹೆಚ್ಚಿದ್ದಲ್ಲಿಯೂ ವಿ.ಇ.ಜಿ.ಎಫ್. ಹೆಚ್ಚಿದ್ದಲ್ಲಿಯೂ ಬದುಕುಳಿಯುವ ಅವಧಿ ಕಡಿಮೆ ಎಂದು ತೋರಿಸಿತು. ಸರಾಸರಿಯ ಮಟ್ಟದಲ್ಲಿ ಇದನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಅದೇ ಅಳತೆಗೋಲನ್ನು ತೊಡಕುಗೊಂಡ ಕ್ಯಾನ್ಸರಿಗೆ ಹಿಡಿದಾಗ ಅದು ಅಳೆಯುವುದು ಏನನ್ನು ಎಂಬ ಪ್ರಶ್ನೆ ಏಳುತ್ತದೆ.

ತೊಡಕುಗೊಂಡ ಕ್ಯಾನ್ಸರ್ ಎಂದರೆ ಕರುಳಿನ ಹಾದಿ ಕಟ್ಟಿಕೊಂಡ, ಕರುಳು ತೂತುಬಿದ್ದ, ಅಥವಾ ತೀವ್ರ ರಕ್ತಸ್ರಾವದಿಂದ ಪ್ರಕಟಗೊಂಡ ರೋಗ. ಇಂಥ ರೋಗಿ ಆಸ್ಪತ್ರೆಗೆ ಬರುವುದು ಪೂರ್ವನಿಗದಿತ ತಪಾಸಣೆಗಲ್ಲ. ಹೊಟ್ಟೆಯುಬ್ಬರ, ವಾಂತಿ, ಸಹಿಸಲಾಗದ ನೋವಿನೊಂದಿಗೆ ತುರ್ತು ವಿಭಾಗಕ್ಕೆ. ಜಾಗತಿಕ ತುರ್ತು ಶಸ್ತ್ರಚಿಕಿತ್ಸಾ ಸಂಘವು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ದೊಡ್ಡಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದ ತುರ್ತುಸ್ಥಿತಿಗಳಲ್ಲಿ ಸುಮಾರು ಶೇ. 80 ಭಾಗ ಹಾದಿ ಕಟ್ಟಿಕೊಂಡವು, ಉಳಿದ ಶೇ. 20 ಭಾಗ ತೂತುಬಿದ್ದವು. ಈ ರೋಗಿಗಳ ಭವಿಷ್ಯ ಸಾಮಾನ್ಯವಾಗಿ ಉಳಿದವರದಕ್ಕಿಂತ ಕಳಪೆ. ದುಗ್ಧಗ್ರಂಥಿಗಳಿಗೆ ಹರಡದ ಎರಡನೆಯ ಹಂತದಲ್ಲಿಯೂ ತಡೆ ಮತ್ತು ರಂಧ್ರಗಳನ್ನು ಹೆಚ್ಚಿನ ಅಪಾಯದ ಲಕ್ಷಣಗಳೆಂದೇ ಪರಿಗಣಿಸಲಾಗುತ್ತದೆ. ಹೀಗಿರುವಾಗ ಈ ಗಂತಿಗಳು ಜೀವಶಾಸ್ತ್ರೀಯವಾಗಿಯೇ ಬೇರೆಯೇ, ಹೆಚ್ಚು ನಾಳಗಳನ್ನು ಬೆಳೆಸುವ, ಹೆಚ್ಚು ಆಕ್ರಮಣಶೀಲವಾದ ಬಗೆಯೇ ಎಂಬ ಕುತೂಹಲ ಸಹಜ. ತೊಡಕುಗೊಂಡ ಗುಂಪಿನ ಅಂಗಾಂಶವನ್ನು ತೊಡಕಿಲ್ಲದ ಗುಂಪಿನೊಡನೆ ಹೋಲಿಸಿ, ಸಿ.ಡಿ. 31, ಸಿ.ಡಿ. 34, ವಿ.ಇ.ಜಿ.ಎಫ್., ಕೆ.ಐ. 67, ಪಿ 53 ಮುಂತಾದ ಸೂಚಕಗಳ ವ್ಯತ್ಯಾಸವನ್ನು ಪಟ್ಟಿಮಾಡುವ ಅಧ್ಯಯನಗಳು ಈ ಕುತೂಹಲದ ಫಲ. (ತೊಡಕು ಎಂಬ ಪದ ಇಲ್ಲಿ ಎರಡು ಬಗೆಯಲ್ಲಿ ಸಲ್ಲುತ್ತದೆ: ಒಂದು ರೋಗಿಗೆ ಒದಗಿದ್ದು, ಇನ್ನೊಂದು ಸಂಶೋಧಕನಿಗೆ ಒದಗಿದ್ದು.)

ಮೊದಲ ಆಕ್ಷೇಪ ಈ ಗುಂಪುಗಾರಿಕೆಯ ಬಗ್ಗೆಯೇ. ಮೇಲೆ ಹೇಳಿದ ಮಾರ್ಗಸೂಚಿಯ ಅಂಕಿಗಳಂತೆ ರಂಧ್ರ ಬೀಳುವ ಪ್ರಕರಣಗಳಲ್ಲಿ ಸುಮಾರು ಶೇ. 70ರಲ್ಲಿ ಅದು ಗಂತಿಯ ಜಾಗದಲ್ಲೇ ಬೀಳುತ್ತದೆ; ಸುಮಾರು ಶೇ. 30ರಲ್ಲಿ ಗಂತಿಗಿಂತ ಹಿಂದೆ, ಅಂದರೆ ಮಲ ಬರುವ ದಿಕ್ಕಿನಲ್ಲಿ ಬೀಳುತ್ತದೆ. ಈ ಎರಡನೆಯದಕ್ಕೆ ಕಾರಣ ಗಂತಿಯ ಗುಣವಲ್ಲ, ಒತ್ತಡ. ಕರುಳಿನ ಎಡಭಾಗದಲ್ಲಿ, ಉದಾಹರಣೆಗೆ ಸಿಗ್ಮಾಯ್ಡ್ ಭಾಗದಲ್ಲಿ, ಗಂತಿಯು ಹಾದಿಯನ್ನು ಮುಚ್ಚಿತೆನ್ನೋಣ. ಸಣ್ಣಕರುಳು ದೊಡ್ಡಕರುಳನ್ನು ಸೇರುವಲ್ಲಿರುವ ಕವಾಟ ಬಿಗಿಯಾಗಿದ್ದರೆ ನಡುವಿನ ಕರುಳು ಎರಡೂ ಕಡೆ ಬಾಯಿ ಕಟ್ಟಿದ ಚೀಲವಾಗುತ್ತದೆ. ಒಳಗಿನ ಒತ್ತಡ ಎಲ್ಲೆಡೆ ಒಂದೇ ಇದ್ದರೂ ಗೋಡೆಯ ಮೇಲಿನ ಬಿಗಿತ ತ್ರಿಜ್ಯಕ್ಕೆ ಅನುಗುಣವಾಗಿ ಏರುವುದರಿಂದ, ಅತ್ಯಂತ ಅಗಲವಾದ ಸೀಕಮ್ ಭಾಗ ಮೊದಲು ಸೋಲುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಲಾಪ್ಲಾಸ್ ನಿಯಮವೆಂದು ಕಲಿಯುವುದು ಇದನ್ನೇ. ಇಲ್ಲಿ ಒಡೆದದ್ದು ರೋಗವಿಲ್ಲದ ಕರುಳು. ಗಂತಿ ಇರುವುದು ಒಂದು ಮೊಳಕ್ಕೂ ಹೆಚ್ಚು ದೂರದಲ್ಲಿ. ಆ ಗಂತಿಯ ನಾಳಗಳನ್ನು ಎಣಿಸಿ ರಂಧ್ರದೊಂದಿಗೆ ಸಂಬಂಧ ಕಲ್ಪಿಸುವುದು, ಮನೆಯ ಹಿತ್ತಿಲ ಗೋಡೆ ಕುಸಿದಾಗ ಮುಂಬಾಗಿಲಿನ ಮರವನ್ನು ಪರೀಕ್ಷಿಸಿದಂತೆ. ಆದರೂ ಎರಡು ಬಗೆಯ ರಂಧ್ರಗಳನ್ನು ಒಂದೇ ಕಲಮಿನಲ್ಲಿ ದಾಖಲಿಸಿದ ಪಟ್ಟಿಗಳು ಅಪರೂಪವಲ್ಲ. ಸರಾಸರಿಯ ಸಂಖ್ಯೆಯಲ್ಲಿ ಈ ಭೇದ ಕರಗಿಹೋಗುತ್ತದೆ.

ಗಂತಿಯ ಜಾಗದಲ್ಲೇ ಬಿದ್ದ ರಂಧ್ರವೂ ಒಂದೇ ಅರ್ಥವನ್ನು ಕೊಡುವುದಿಲ್ಲ. ನಾಳಗಳು ಹೇರಳವಾಗಿರುವ ಗಂತಿ ಕರುಳಿನ ಗೋಡೆಯನ್ನು ಬೇಗ ಕೊರೆದು ಹೊರಬಂದಿರಬಹುದು; ಅಥವಾ ನಾಳಗಳು ಸಾಲದೆ ಗಂತಿಯ ನಡುಭಾಗ ಕೊಳೆತು ಕಳಚಿ ತೂತಾಗಿರಬಹುದು. ಮೊದಲನೆಯದರಲ್ಲಿ ಎಣಿಕೆ ಹೆಚ್ಚು, ಎರಡನೆಯದರಲ್ಲಿ ಕಡಿಮೆ; ಪರಿಣಾಮ ಮಾತ್ರ ಒಂದೇ.

ಇದಕ್ಕಿಂತ ಗಂಭೀರವಾದುದು ಕಾರಣ–ಪರಿಣಾಮಗಳ ಅದಲುಬದಲು. ಕರುಳು ಕಟ್ಟಿಕೊಂಡು ಉಬ್ಬಿದಾಗ ಮೊದಲು ತಡೆಯಾಗುವುದು ತೆಳುಗೋಡೆಯ ಸಿರೆಗಳ ಹರಿವು. ಗೋಡೆಯಲ್ಲಿ ನೀರು ತುಂಬಿ ಊತ ಬರುತ್ತದೆ. ಕೊನೆಗೆ ಅಪಧಮನಿಯ ರಕ್ತವೂ ಸರಿಯಾಗಿ ತಲುಪದೆ ಆಮ್ಲಜನಕದ ಕೊರತೆ ಉಂಟಾಗುತ್ತದೆ. ಆಮ್ಲಜನಕದ ಕೊರತೆ ವಿ.ಇ.ಜಿ.ಎಫ್. ಉತ್ಪಾದನೆಯನ್ನು ಏರಿಸುತ್ತದೆ ಎಂಬುದು 1992ರಿಂದಲೇ ತಿಳಿದಿರುವ ಸಂಗತಿ. ಈ ಏರಿಕೆಯ ಹಿಂದಿರುವ ಎಚ್.ಐ.ಎಫ್. ಎಂಬ ಪ್ರೋಟೀನು ಕೋಶದಲ್ಲಿ ಆಮ್ಲಜನಕ ಸಾಕಷ್ಟಿದ್ದಾಗ ನಿಮಿಷಗಳಲ್ಲಿ ನಾಶವಾಗುತ್ತದೆ, ಕೊರತೆಯಾದಾಗ ಉಳಿದುಕೊಂಡು ನೂರಾರು ಜೀನುಗಳನ್ನು ಚಾಲೂ ಮಾಡುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಪುರಸ್ಕಾರ ಸಂದಿತು. ಇಷ್ಟನ್ನು ಒಪ್ಪಿದ ಮೇಲೆ, ಕಟ್ಟಿಕೊಂಡ ಕರುಳಿನ ಗಂತಿಯಲ್ಲಿ ವಿ.ಇ.ಜಿ.ಎಫ್. ಹೆಚ್ಚಾಗಿ ಕಂಡರೆ ಅದು ತಡೆಗೆ ಕಾರಣವಾದ ಆಕ್ರಮಣಶೀಲತೆಯ ಗುರುತೋ, ಹಲವು ದಿನಗಳ ತಡೆಯೇ ಮೂಡಿಸಿದ ಗುರುತೋ ಎಂದು ಒಂದೇ ಸ್ಲೈಡಿನಿಂದ ನಿರ್ಣಯಿಸಲಾಗದು. ಶಸ್ತ್ರಚಿಕಿತ್ಸೆಯ ದಿನದ ಅಂಗಾಂಶ ಒಂದು ಕ್ಷಣದ ಚಿತ್ರ. ಅದರಲ್ಲಿ ರೋಗದ ವರ್ಷಗಳೂ ತೊಡಕಿನ ದಿನಗಳೂ ಒಂದರ ಮೇಲೊಂದು ಅಚ್ಚಾಗಿರುತ್ತವೆ.

ಡ್ವೊರಾಕ್ ಅವರು 1986ರಲ್ಲಿ ಗಂತಿಗಳನ್ನು ಮಾಯದ ಗಾಯಗಳಿಗೆ ಹೋಲಿಸಿದ್ದರು. ಆ ಹೋಲಿಕೆಯನ್ನು ಪ್ರಶಂಸೆಯಿಂದ ಉಲ್ಲೇಖಿಸುವವರು ಅದರ ಇನ್ನೊಂದು ಮುಖವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗಂತಿಯು ಗಾಯದಂತೆ ವರ್ತಿಸುತ್ತದೆ ಎಂದಾದರೆ, ನಿಜವಾದ ಗಾಯವೂ ಸೂಕ್ಷ್ಮದರ್ಶಕದ ಅಡಿಯಲ್ಲಿ ಗಂತಿಯಂತೆ ಕಾಣಬಹುದು. ತೂತುಬಿದ್ದ ಕರುಳಿನ ಅಂಚಿನಲ್ಲಿ ಕೀವು, ಬಿಳಿರಕ್ತಕಣಗಳು, ಗಾಯ ಮಾಯುವಾಗ ಏಳುವ ಎಳೆಯ ನಾಳಗಳು ತುಂಬಿರುತ್ತವೆ. ನಾಳಗಳು ಅತ್ಯಂತ ಒತ್ತಾಗಿರುವ ಜಾಗವನ್ನು ಹುಡುಕು ಎಂದು ಹೇಳುವ ವಿಧಾನವು ಅಂಥ ಅಂಗಾಂಶದಲ್ಲಿ ಪರೀಕ್ಷಕನ ಕಣ್ಣನ್ನು ನೇರವಾಗಿ ಹುಣ್ಣಿನ ತಳಕ್ಕೇ ಕರೆದೊಯ್ಯುತ್ತದೆ.

ಪ್ರತಿಕಾಯಗಳೂ ಈ ಗೊಂದಲವನ್ನು ಬಿಡಿಸಲಾರವು. ಸಿ.ಡಿ. 31 ನಾಳದ ಒಳಪದರಕ್ಕೆ ಅಂಟುವಂತೆ ಕೆಲವು ಬಿಳಿರಕ್ತಕಣಗಳಿಗೂ ಅಂಟುತ್ತದೆ. ಉರಿಯೂತ ತುಂಬಿದ ಅಂಗಾಂಶದಲ್ಲಿ ಇದು ಸಣ್ಣ ವಿಷಯವಲ್ಲ. ಸಿ.ಡಿ. 34 ಕರುಳಿನ ಗೋಡೆಯ ಆಧಾರ ಅಂಗಾಂಶದ ಕೆಲವು ಕೋಶಗಳನ್ನೂ ಬಣ್ಣಗಟ್ಟಿಸುತ್ತದೆ. ವೈಡ್ನರ್ ತಂಡ ಬಳಸಿದ ಫ್ಯಾಕ್ಟರ್ 8 ಸಂಬಂಧಿ ಪ್ರತಿಕಾಯಕ್ಕೆ ಅತಿ ಸಣ್ಣ ನಾಳಗಳು ತಪ್ಪಿಹೋಗುತ್ತವೆ. ಹೊಸದಾಗಿ ಬೆಳೆಯುತ್ತಿರುವ ನಾಳಗಳನ್ನೇ ಹೆಚ್ಚಾಗಿ ಗುರುತಿಸುವ ಸಿ.ಡಿ. 105 ಈ ಪೈಕಿ ಹೆಚ್ಚು ಭರವಸೆಯದು. ಆದರೆ ಮಾಯುತ್ತಿರುವ ಗಾಯದ ನಾಳಗಳೂ ಹೊಸವೇ. ಮೂರು ಪ್ರತಿಕಾಯಗಳಿಂದ ಮೂರು ಬೇರೆ ಸಂಖ್ಯೆಗಳು ಬರುವಾಗ, ಒಬ್ಬರ ‘ಹೆಚ್ಚು’ ಇನ್ನೊಬ್ಬರ ‘ಕಡಿಮೆ’ ಆಗಿರುವ ಸಾಧ್ಯತೆ ಸದಾ ಇರುತ್ತದೆ. ಎಣಿಕೆಯನ್ನು ಏಕರೂಪಗೊಳಿಸಲು 1996ರಲ್ಲಿ ಮತ್ತು 2002ರಲ್ಲಿ ಅಂತರರಾಷ್ಟ್ರೀಯ ಒಮ್ಮತದ ವಿಧಾನಗಳನ್ನು ಪ್ರಕಟಿಸಲಾಯಿತು. ನಾಳಗಳನ್ನು ಒಂದೊಂದಾಗಿ ಎಣಿಸುವ ಬದಲು 25 ಬಿಂದುಗಳ ಚಾಕ್ಲಿ ಜಾಲರಿಯನ್ನು ಬಳಸುವ ಸಲಹೆಯೂ ಇದರಲ್ಲಿ ಬಂದಿತು. ಪರೀಕ್ಷಕರ ನಡುವಣ ಭಿನ್ನತೆ ಇದರಿಂದ ತಗ್ಗಬಹುದು. ಎಣಿಸಿದ್ದು ಗಂತಿಯ ನಾಳವೋ ಗಾಯದ ನಾಳವೋ ಎಂಬುದು ಜಾಲರಿಗೆ ತಿಳಿಯದು.

ಅಂಗಾಂಶ ಪ್ರಯೋಗಾಲಯಕ್ಕೆ ತಲುಪುವ ಹಾದಿಯನ್ನೂ ಗಮನಿಸಬೇಕು. ಪೂರ್ವನಿಗದಿತ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳು ಹಗಲಿನಲ್ಲಿ ಫಾರ್ಮಲಿನ್ ಸೇರುತ್ತದೆ. ನಡುರಾತ್ರಿ ತೆಗೆದದ್ದು, ಮಲ ತುಂಬಿ ಉಬ್ಬಿದ್ದು, ಬೆಳಗಿನವರೆಗೆ ಸೀಳದೆ ಉಳಿದರೆ ಫಾರ್ಮಲಿನ್ ಒಳಪದರಕ್ಕೆ ಇಳಿಯುವಷ್ಟರಲ್ಲಿ ಪ್ರೋಟೀನುಗಳು ಶಿಥಿಲವಾಗಿರುತ್ತವೆ. ತೊಡಕುಗೊಂಡ ಗುಂಪು ಬಹುಪಾಲು ರಾತ್ರಿಯ ಗುಂಪಾಗಿ, ತೊಡಕಿಲ್ಲದ ಗುಂಪು ಹಗಲಿನ ಗುಂಪಾಗಿ ಉಳಿದಲ್ಲಿ, ಸೂಚಕಗಳ ವ್ಯತ್ಯಾಸದಲ್ಲಿ ಎಷ್ಟು ಪಾಲು ರೋಗದ್ದು, ಎಷ್ಟು ಪಾಲು ಗಡಿಯಾರದ್ದು ಎಂಬ ಪ್ರಶ್ನೆಗೆ ಫಲಿತಾಂಶದ ಕೋಷ್ಟಕ ಉತ್ತರ ಕೊಡುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಲೋಹದ ಜಾಲನಳಿಗೆ, ಅಂದರೆ ಸ್ಟೆಂಟ್, ಕೂರಿಸಿ ಹಾದಿ ತೆರೆದ ರೋಗಿಗಳಲ್ಲಿ ಗಂತಿಯು ದಿನಗಟ್ಟಲೆ ಒತ್ತಡಕ್ಕೆ ಸಿಕ್ಕಿರುತ್ತದೆ. ಅವರನ್ನು ಪ್ರತ್ಯೇಕಿಸದಿದ್ದರೆ ಗೊಂದಲ ಇಮ್ಮಡಿ.

ಸಂಖ್ಯಾಶಾಸ್ತ್ರದ ದೋಷಗಳು ಈ ಕ್ಷೇತ್ರಕ್ಕೆ ಮಾತ್ರ ಸೇರಿದವಲ್ಲವಾದ್ದರಿಂದ ಅವುಗಳ ವಿಸ್ತಾರ ಬೇಡ. ಆದರೂ ಒಂದು ಲೆಕ್ಕ ಹೇಳುವುದು ಉಚಿತ. ಪರಸ್ಪರ ಸಂಬಂಧವಿಲ್ಲದ 20 ಹೋಲಿಕೆಗಳನ್ನು ಶೇ. 5ರ ಮಟ್ಟದಲ್ಲಿ ಪರೀಕ್ಷಿಸಿದರೆ, ವಾಸ್ತವದಲ್ಲಿ ಯಾವ ವ್ಯತ್ಯಾಸ ಇಲ್ಲದಿದ್ದರೂ ಒಂದಾದರೂ ‘ಅರ್ಥಪೂರ್ಣ’ ಫಲಿತಾಂಶ ಸಿಗುವ ಸಂಭವ ಶೇ. 64. ಐದು ಸೂಚಕ, ನಾಲ್ಕು ರೋಗಲಕ್ಷಣ ಎಂದಿಟ್ಟುಕೊಂಡರೆ 20 ಹೋಲಿಕೆ ಆಗಿಯೇ ಹೋಯಿತು. ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಸ್ನಾತಕೋತ್ತರ ಪದವಿಗೆ ಪ್ರಬಂಧ ಕಡ್ಡಾಯ. ನಿಗದಿತ ಅವಧಿಯಲ್ಲಿ ದೊರೆತಷ್ಟು ಮಾದರಿಗಳಲ್ಲೇ ವಿದ್ಯಾರ್ಥಿ ಕೆಲಸ ಮುಗಿಸಬೇಕು. ಅಂಥ ಪ್ರಬಂಧಕ್ಕೆ ಐದು ಸೂಚಕಗಳಿಗಿಂತ ಒಂದೇ ಸೂಚಕ, ಮೊದಲೇ ನಿಗದಿಪಡಿಸಿದ ಒಂದೇ ಗಡಿ ಹೆಚ್ಚು ಗೌರವ ತರುತ್ತದೆ. ಸೂಚಕಗಳ ಅಧ್ಯಯನವನ್ನು ವರದಿಮಾಡುವ ಕ್ರಮವನ್ನು 2005ರಲ್ಲಿ ರಿಮಾರ್ಕ್ ಮಾರ್ಗಸೂಚಿ ನಿರೂಪಿಸಿದೆ. ರೋಗಿಗಳನ್ನು ಹೇಗೆ ಆಯ್ದುಕೊಳ್ಳಲಾಯಿತು, ಅಂಗಾಂಶವನ್ನು ಹೇಗೆ ಕಾಪಾಡಲಾಯಿತು, ಗಡಿಸಂಖ್ಯೆಯನ್ನು ಹೇಗೆ ನಿರ್ಧರಿಸಲಾಯಿತು ಎಂಬುದನ್ನೆಲ್ಲ ತಿಳಿಸಬೇಕೆಂಬುದು ಅದರ ಅಪೇಕ್ಷೆ.

ಇಷ್ಟೆಲ್ಲ ಪ್ರಶ್ನೆಗಳು ವಿದ್ವತ್ತಿನ ವ್ಯಸನವಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ನಾಳಗಳನ್ನು ತಡೆಯುವ ಔಷಧಗಳು ಬಳಕೆಗೆ ಬಂದಿರುವುದರಿಂದ ಇದು ರೋಗಿಯ ಜೀವದ ಪ್ರಶ್ನೆಯೂ ಹೌದು. ವಿ.ಇ.ಜಿ.ಎಫ್. ಅನ್ನು ಹಿಡಿದು ನಿಲ್ಲಿಸುವ ಬೆವಾಸಿಜುಮಾಬ್ 2004ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಹರ್ವಿಟ್ಜ್ ಮತ್ತು ಸಂಗಡಿಗರು ಅದೇ ವರ್ಷ ಪ್ರಕಟಿಸಿದ 813 ರೋಗಿಗಳ ಪ್ರಯೋಗದಲ್ಲಿ, ದೇಹದ ಇತರೆಡೆಗೆ ಹರಡಿದ ದೊಡ್ಡಕರುಳಿನ ಕ್ಯಾನ್ಸರ್ ಇದ್ದವರ ಮಧ್ಯಮ ಬದುಕುಳಿವು 15.6 ತಿಂಗಳಿಂದ 20.3 ತಿಂಗಳಿಗೆ ಏರಿತು. ಫೋಕ್‌ಮನ್‌ರ ವಾದಕ್ಕೆ ಮೂರು ದಶಕಗಳ ಬಳಿಕ ದೊರೆತ ಈ ಸಮರ್ಥನೆ ಚಿಕ್ಕದಲ್ಲ. ಆದರೆ ಅದೇ ಪ್ರಯೋಗದಲ್ಲಿ ಔಷಧ ಪಡೆದವರ ಪೈಕಿ ಶೇ. 1.5ರಷ್ಟು ಮಂದಿಯಲ್ಲಿ ಜಠರ ಅಥವಾ ಕರುಳು ತೂತುಬಿತ್ತು. ಗಾಯ ಮಾಯಲು ಬೇಕಾದ ನಾಳಗಳನ್ನೂ ಈ ಔಷಧ ತಡೆಯುತ್ತದೆ. ಆದಕಾರಣ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ 28 ದಿನ ಅದನ್ನು ಕೊಡಬಾರದೆಂಬ ನಿಯಮ. ತುರ್ತಾಗಿ ಕರುಳು ಕತ್ತರಿಸಿ ಜೋಡಿಸಿದ, ಹೊಟ್ಟೆಯೊಳಗೆ ಸೋಂಕು ಹರಡಿದ್ದ ರೋಗಿಯಲ್ಲಿ ಆ ಅವಧಿ ಇನ್ನೂ ದೀರ್ಘವಾಗಬೇಕಾಗಬಹುದು. ಅಂದರೆ ನಾಳಗಳು ಅತಿ ಹೆಚ್ಚು ಎಂದು ಸ್ಲೈಡು ಹೇಳುವ ರೋಗಿಯೇ ನಾಳತಡೆ ಔಷಧಕ್ಕೆ ಅತಿ ಕಡಿಮೆ ಅರ್ಹನಾಗಿರುವುದು ಸಾಧ್ಯ.

ಎಣಿಕೆಯಾದರೂ ಔಷಧದ ಆಯ್ಕೆಗೆ ದಾರಿತೋರಿಸುತ್ತದೆಯೇ? ಹರ್ವಿಟ್ಜ್ ಪ್ರಯೋಗದ ರೋಗಿಗಳ ಅಂಗಾಂಶವನ್ನೇ ಪರೀಕ್ಷಿಸಿ ಜಬ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ವಿ.ಇ.ಜಿ.ಎಫ್. ಹೆಚ್ಚಿರಲಿ ಕಡಿಮೆಯಿರಲಿ, ನಾಳದಟ್ಟಣೆ ಎಷ್ಟೇ ಇರಲಿ, ಔಷಧದಿಂದ ಯಾರಿಗೆ ಪ್ರಯೋಜನ ಎಂದು ಅದರಿಂದ ಮುನ್ನುಡಿಯಲಾಗಲಿಲ್ಲ. ಫೋಕ್‌ಮನ್ ಅವರನ್ನೂ ಒಳಗೊಂಡ ಲೇಖಕರು 2002ರಲ್ಲೇ ಈ ಎಚ್ಚರಿಕೆಯನ್ನು ನೀಡಿದ್ದರು: ನಾಳದಟ್ಟಣೆ ಹೇಳುವುದು ಅಂಗಾಂಶದ ಕೋಶಗಳು ಎಷ್ಟು ಆಹಾರ ಬೇಡುತ್ತವೆ ಎಂಬುದನ್ನು, ಅವು ನಾಳಗಳ ಮೇಲೆ ಎಷ್ಟು ಅವಲಂಬಿತ ಎಂಬುದನ್ನಲ್ಲ. ಸಿದ್ಧಾಂತದ ಕರ್ತೃವೇ ಗುರುತಿಸಿದ ಈ ಮಿತಿಯನ್ನು ನಂತರದ ಎಷ್ಟೋ ಪ್ರಬಂಧಗಳು ಗಮನಿಸದೆ ಮುಂದುವರಿದವು.

ರೋಗ ಇನ್ನೂ ಹರಡದ ಹಂತದಲ್ಲಿ ನಾಳಗಳನ್ನು ತಡೆದರೆ ಮರುಕಳಿಕೆ ತಪ್ಪುವುದೆಂಬ ನಿರೀಕ್ಷೆಯೂ ನೆರವೇರಲಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಬೆವಾಸಿಜುಮಾಬ್ ಕೊಟ್ಟ ಸಿ-08 ಪ್ರಯೋಗ 2011ರಲ್ಲಿಯೂ ಅವಾಂಟ್ ಪ್ರಯೋಗ 2012ರಲ್ಲಿಯೂ ಪ್ರಕಟವಾದವು. ಯಾವುದರಲ್ಲೂ ಪ್ರಯೋಜನ ಕಾಣಲಿಲ್ಲ, ಎರಡನೆಯದರಲ್ಲಿ ಹಾನಿಯ ಸುಳಿವೂ ಇತ್ತು. ಎರಡನೆಯ ಸಾಲಿನ ಚಿಕಿತ್ಸೆಯಾಗಿ ಬಂದ ಅಫ್ಲಿಬರ್ಸೆಪ್ಟ್ 2012ರ ಪ್ರಯೋಗದಲ್ಲಿ ಮಧ್ಯಮ ಬದುಕುಳಿವನ್ನು 12.06 ತಿಂಗಳಿಂದ 13.50 ತಿಂಗಳಿಗೆ ಏರಿಸಿತು.

ಇದಕ್ಕೆ ಹೋಲಿಸಿದರೆ ಅಷ್ಟೇ ಅಗ್ಗವಾದ, ಅದೇ ಪ್ರಯೋಗಾಲಯದಲ್ಲಿ ಆಗಬಲ್ಲ ಇನ್ನೊಂದು ಸೂಚಕದ ಚರಿತ್ರೆ ಬೇರೆಯೇ. ಡಿ.ಎನ್.ಎ. ನಕಲಿನ ತಪ್ಪುಗಳನ್ನು ತಿದ್ದುವ ಎಂ.ಎಲ್.ಎಚ್. 1, ಎಂ.ಎಸ್.ಎಚ್. 2, ಎಂ.ಎಸ್.ಎಚ್. 6, ಪಿ.ಎಂ.ಎಸ್. 2 ಎಂಬ ನಾಲ್ಕು ಪ್ರೋಟೀನುಗಳು ಗಂತಿಯಲ್ಲಿ ಇವೆಯೇ ಇಲ್ಲವೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಗಂತಿಯ ಕೋಶದಲ್ಲಿ ಬಣ್ಣ ಕಾಣದಿದ್ದರೂ ಪಕ್ಕದ ಬಿಳಿರಕ್ತಕಣದ ಕೋಶಕೇಂದ್ರದಲ್ಲಿ ಕಾಣಬೇಕು. ಅಲ್ಲೂ ಕಾಣದಿದ್ದರೆ ಅಂಗಾಂಶವೇ ಕೆಟ್ಟಿದೆಯೆಂದು ಸ್ಲೈಡು ತಾನಾಗಿ ಸಾರುತ್ತದೆ. ರಾತ್ರಿಯಿಡೀ ಉಳಿದುಹೋದ ಕರುಳಿನ ವಿಷಯದಲ್ಲಿ ಈ ಒಳಸಾಕ್ಷಿಯ ಬೆಲೆ ಅಪಾರ; ನಾಳಗಳ ಎಣಿಕೆಗೆ ಇಂಥ ಒಳಸಾಕ್ಷಿ ಇಲ್ಲ. ಫಲಿತಾಂಶದಿಂದ ಚಿಕಿತ್ಸೆಯೂ ಬದಲಾಗುತ್ತದೆ. ಈ ದೋಷವಿದ್ದು ರೋಗ ಹರಡಿದವರಲ್ಲಿ ಪೆಂಬ್ರೊಲಿಜುಮಾಬ್ ಎಂಬ ಪ್ರತಿರಕ್ಷಾ ಔಷಧ ರೋಗ ಮುಂದುವರಿಯದ ಮಧ್ಯಮ ಅವಧಿಯನ್ನು 8.2 ತಿಂಗಳಿಂದ 16.5 ತಿಂಗಳಿಗೆ ಏರಿಸಿತೆಂದು 2020ರ ಕೀನೋಟ್-177 ಪ್ರಯೋಗ ತೋರಿಸಿತು. ಸ್ಟೆಂಟ್ ಕೂರಿಸಿ, ಕರುಳನ್ನು ತೆಗೆಯಲಾಗದೆ ಉಳಿದ ರೋಗಿಯಿಂದ ಸಿಗುವುದು ಕೆಲವೇ ಮಿಲಿಮೀಟರಿನ ಅಂಗಾಂಶದ ಚೂರು. ಅದನ್ನು ಮೊದಲು ಈ ನಾಲ್ಕು ಪ್ರತಿಕಾಯಗಳಿಗೆ, ಬಳಿಕ ಆರ್.ಎ.ಎಸ್. ಮತ್ತು ಬಿ.ಆರ್.ಎ.ಎಫ್. ಜೀನುಗಳ ಪರೀಕ್ಷೆಗೆ ಮೀಸಲಿಡದೆ ನಾಳಗಳ ಎಣಿಕೆಗೆ ಕತ್ತರಿಸಿ ಮುಗಿಸುವುದು ಸಮರ್ಥನೀಯವಲ್ಲ.

ನಾಳಗಳ ಅಧ್ಯಯನವೇ ವ್ಯರ್ಥವೆಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ಎಷ್ಟು ನಾಳಗಳಿವೆ ಎಂಬುದನ್ನು ಬಿಟ್ಟು ಅವು ಎಲ್ಲಿಂದ ಬಂದವು ಎಂದು ಕೇಳಿದವರಿಗೆ ಉಪಯುಕ್ತ ಉತ್ತರ ದೊರೆತಿದೆ. ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದಾಗ ಕೆಲವೊಮ್ಮೆ ಗಂತಿಯು ಹೊಸ ನಾಳಗಳನ್ನು ಬೆಳೆಸದೆ ಯಕೃತ್ತಿನ ಕೋಶಗಳ ಜಾಗದಲ್ಲಿ ತಾನು ಕುಳಿತು, ಅಲ್ಲಿ ಮೊದಲೇ ಇರುವ ನಾಳಗಳನ್ನೇ ಬಳಸಿಕೊಳ್ಳುತ್ತದೆ. ಇಂಥ ಗಂತಿಗಳು ಬೆವಾಸಿಜುಮಾಬ್ ಸಹಿತದ ಚಿಕಿತ್ಸೆಗೆ ಸರಿಯಾಗಿ ಮಣಿಯುವುದಿಲ್ಲವೆಂದು 2016ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊಸ ನಾಳವನ್ನೇ ಬೆಳೆಸದ ಗಂತಿಗೆ ನಾಳ ಬೆಳೆಯದಂತೆ ತಡೆಯುವ ಔಷಧ ತಾಗದಿರುವುದು ಸಹಜವೇ. ಈ ಬೆಳವಣಿಗೆಯ ಬಗೆಯನ್ನು ಗುರುತಿಸಲು ದುಬಾರಿ ಪ್ರತಿಕಾಯ ಬೇಕಿಲ್ಲ. ಗಂತಿ ಮತ್ತು ಯಕೃತ್ತು ಕೂಡುವ ಅಂಚನ್ನು ಹಿಮೆಟಾಕ್ಸಿಲಿನ್–ಇಯೋಸಿನ್ ಬಣ್ಣದ ಸಾಮಾನ್ಯ ಸ್ಲೈಡಿನಲ್ಲಿ, ಯಾವ ಜಿಲ್ಲಾಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಾದರೂ, ನಿಧಾನವಾಗಿ ನೋಡಿದರೆ ಸಾಕು.